ದೇವರೊಂದಿಗೆ ದಿನನಿತ್ಯದ ಒಡನಾಟ: ಕ್ರೈಸ್ತ ವಿಶ್ವಾಸಿಗೊಂದು ಕೈಪಿಡಿ

ಕ್ರೈಸ್ತ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಧರ್ಮದ ಹೊರಗಿನ ಆಚರಣೆಗಳು ಮಾತು ಕಲಿಯುವ ವಯಸ್ಸಿನಲ್ಲೇ ಮೈಗೂಡಿಬಿಡುತ್ತವೆ. ಭಾನುವಾರದ ಆರಾಧನೆ, ರಾತ್ರಿಯ ಕುಟುಂಬ ಪ್ರಾರ್ಥನೆ, ತಪಸ್ಸುಕಾಲದ ಉಪವಾಸ, ಡಿಸೆಂಬರ್ 31ರ ನಡುರಾತ್ರಿಯ ಕೂಟ ಇವೆಲ್ಲವೂ ಯಾರೂ ಹೇಳಿಕೊಡದೆ ಬರುತ್ತವೆ. ಆದರೆ ಹೀಗೆ ಬೆಳೆದವರನ್ನೇ ಕರೆದು, ದೇವರ ಮುಂದೆ ಹದಿನೈದು ನಿಮಿಷ ಒಬ್ಬರೇ ಕುಳಿತುಕೊಳ್ಳಿ ಎಂದರೆ, ಅವರಲ್ಲಿ ಅನೇಕರಿಗೆ ಮೊದಲ ಎರಡು ನಿಮಿಷಗಳಲ್ಲೇ ಮಾತು ಮುಗಿದುಹೋಗುತ್ತದೆ. ಮನೆಯವರ ಆರೋಗ್ಯ, ಮಕ್ಕಳ ಪರೀಕ್ಷೆ, ಸಾಲದ ಕಂತು ಇವುಗಳನ್ನು ಹೇಳಿಕೊಂಡಾದ ಮೇಲೆ ಇನ್ನೇನು ಮಾಡಬೇಕೆಂಬುದು ತೋಚುವುದಿಲ್ಲ. ಈ ಬರಹವು ಅಂಥವರಿಗಾಗಿ. ವಯಸ್ಸಿಗೆ ಬಂದ ಮೇಲೆ ಯೇಸುಸ್ವಾಮಿಯನ್ನು ಅರಿತು ವಿಶ್ವಾಸಕ್ಕೆ ಬಂದವರಿಗೂ, ಕಥೋಲಿಕರಿಗೂ, ಪ್ರಾಟೆಸ್ಟೆಂಟ್ ಸಭೆಗಳವರಿಗೂ ಇದರಲ್ಲಿ ಬಹುಪಾಲು ಸಮಾನವಾಗಿ ಅನ್ವಯಿಸುತ್ತದೆ.

ಆರಂಭಿಸುವ ಮೊದಲು ಒಂದು ಸಂಗತಿಯನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ದೇವರೊಂದಿಗಿನ ಸಂಬಂಧವನ್ನು ನಾವು ಸಾಧನೆಯಿಂದ ಗಳಿಸಿಕೊಳ್ಳುತ್ತೇವೆ ಎಂಬ ಭಾವನೆ ಎಷ್ಟೇ ಸಹಜವಾಗಿ ಕಂಡರೂ ಅದು ಸುವಾರ್ತೆಯ ಬೋಧನೆಯಲ್ಲ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಯೇಸುಸ್ವಾಮಿ ತಮ್ಮ ಶಿಷ್ಯರಿಗೆ, ಇನ್ನು ಮುಂದೆ ನಿಮ್ಮನ್ನು ದಾಸರೆನ್ನುವುದಿಲ್ಲ, ಸ್ನೇಹಿತರೆನ್ನುತ್ತೇನೆ ಎಂದೂ, ನೀವು ನನ್ನನ್ನು ಆರಿಸಿಕೊಳ್ಳಲಿಲ್ಲ, ನಾನೇ ನಿಮ್ಮನ್ನು ಆರಿಸಿಕೊಂಡೆನೆಂದೂ ಹೇಳಿದ ಮಾತು ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿದೆ. ಆ ಸ್ನೇಹಿತರು ಅದೇ ರಾತ್ರಿ ಅವರನ್ನು ಬಿಟ್ಟು ಓಡಿಹೋದರು ಎಂಬುದನ್ನೂ ಜೊತೆಗೇ ನೆನೆಯಬೇಕು. ಆದ್ದರಿಂದ ಮುಂದೆ ಹೇಳುವ ಕ್ರಮಗಳಲ್ಲಿ ಯಾವುದೂ ದೇವರನ್ನು ನಮ್ಮ ಹತ್ತಿರಕ್ಕೆ ಎಳೆದು ತರುವ ಉಪಾಯವಲ್ಲ. ಈಗಾಗಲೇ ಹತ್ತಿರವಿರುವವರ ಮುಂದೆ ನಾವು ನಿಜವಾಗಿ ಹಾಜರಾಗುವ ಅಭ್ಯಾಸ ಮಾತ್ರ. ಕಣ್ಣೀರು ಬರಲಿಲ್ಲ, ಮೈ ಪುಳಕಗೊಳ್ಳಲಿಲ್ಲ ಎಂದು ಕೊರಗುವ ಅಗತ್ಯವೂ ಇದರಿಂದ ತಪ್ಪುತ್ತದೆ.

ಸಮಯ ಮತ್ತು ಸ್ಥಳ

ಮಾರ್ಕನು ತನ್ನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ, ಕಪೆರ್ನೌಮಿನಲ್ಲಿ ಸಂಜೆಯವರೆಗೂ ರೋಗಿಗಳ ನಡುವೆ ಇದ್ದ ಯೇಸುಸ್ವಾಮಿ ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರೆಂದು ಬರೆಯುತ್ತಾನೆ. ಇದನ್ನು ಓದಿ ಬೆಳಗಿನ ನಾಲ್ಕು ಗಂಟೆಗೆ ಏಳಲೇಬೇಕೆಂದು ಸಾಧಿಸುವವರಿದ್ದಾರೆ. ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್‌ಗೆ, ಗಾರ್ಮೆಂಟ್ಸ್ ಬಸ್ಸು ಬರುವುದರೊಳಗೆ ಅಡುಗೆ ಮುಗಿಸಬೇಕಾದ ತಾಯಿಗೆ ಆ ಸಲಹೆ ಹೊರೆಯಷ್ಟೆ. ನಿಮ್ಮ ದಿನದಲ್ಲಿ ಯಾರೂ ನಿಮ್ಮನ್ನು ಕರೆಯದ ಹದಿನೈದು ನಿಮಿಷ ಯಾವುದೆಂದು ಒಂದು ವಾರ ಗಮನಿಸಿ, ಅದನ್ನೇ ಗೊತ್ತುಮಾಡಿಕೊಳ್ಳಿ. ಸಮಯದ ಉದ್ದಕ್ಕಿಂತ ಅದು ದಿನವೂ ಒಂದೇ ಹೊತ್ತಿಗೆ ಬರುವುದು ಮುಖ್ಯ. ಪ್ರತಿದಿನ ಹೊಸದಾಗಿ ತೀರ್ಮಾನ ಮಾಡಬೇಕಾದ ಅಭ್ಯಾಸ ಬಹುಕಾಲ ಉಳಿಯುವುದಿಲ್ಲ.

ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಎಂಬುದು ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದ ಆಜ್ಞೆ. ಒಂದೇ ಕೋಣೆಯಲ್ಲಿ ಐದು ಜನ ಮಲಗುವ ಮನೆಗಳಲ್ಲಿ ಮುಚ್ಚಲು ಬಾಗಿಲೇ ಇರುವುದಿಲ್ಲ. ಅಲ್ಲಿ ಮಾಳಿಗೆ, ಹಿತ್ತಲು, ವಾರದ ದಿನಗಳಲ್ಲಿ ತೆರೆದಿರುವ ದೇವಾಲಯದ ಹಿಂದಿನ ಬೆಂಚು, ಇವುಗಳಲ್ಲಿ ಒಂದು ಸಾಕು. ಆ ಆಜ್ಞೆಯ ಉದ್ದೇಶ ಇತರರ ಕಣ್ಣಿಗೆ ಭಕ್ತರಾಗಿ ಕಾಣುವ ಆಸೆಯಿಂದ ನಮ್ಮನ್ನು ಬಿಡಿಸುವುದು. ಫೋನನ್ನು ಮಾತ್ರ ಬೇರೆ ಕಡೆ ಇಡಬೇಕು. ಸತ್ಯವೇದವನ್ನು ಫೋನಿನಲ್ಲೇ ಓದುತ್ತೇನೆ ಎಂಬ ನೆಪ ಬಹಳ ಜನರಲ್ಲಿದೆ. ಮುದ್ರಿತ ಪ್ರತಿಯೊಂದನ್ನು ಕೊಳ್ಳುವುದು ಆ ನೆಪಕ್ಕೆ ತಕ್ಕ ಪರಿಹಾರ.

ನಿಜವನ್ನು ಹೇಳುವುದು

ಕುಳಿತ ಮೇಲೆ ಮೊದಲು ಏನು ಹೇಳಬೇಕು? ಆ ಹೊತ್ತಿಗೆ ಮನಸ್ಸಿನಲ್ಲಿ ಇರುವುದನ್ನು ಹೇಳಬೇಕು, ಇರಬೇಕಾದದ್ದನ್ನಲ್ಲ. ನನ್ನ ಅಭಿಪ್ರಾಯದಲ್ಲಿ ಈ ಇಡೀ ವಿಷಯದ ತಿರುಳು ಇಲ್ಲಿದೆ, ಹೆಚ್ಚಿನವರು ಎಡವುವುದೂ ಇಲ್ಲಿಯೇ. ಅತ್ತಿಗೆಯ ಮೇಲೆ ಕುದಿಯುವ ಸಿಟ್ಟನ್ನು ಒಳಗಿಟ್ಟುಕೊಂಡು, "ಪರಿಶುದ್ಧನಾದ ತಂದೆಯೇ, ಈ ಸುಂದರ ಮುಂಜಾನೆಗಾಗಿ ನಿಮಗೆ ಸ್ತೋತ್ರ" ಎಂದು ಆರಂಭಿಸುವ ಪ್ರಾರ್ಥನೆಯಲ್ಲಿ ಸಭ್ಯತೆ ಇದೆಯೇ ಹೊರತು ಒಡನಾಟವಿಲ್ಲ. ಭಾನುವಾರದ ಪೀಠದಿಂದ ಕೇಳಿದ ಪದಗಳನ್ನು ಜೋಡಿಸಿ ಮಾತನಾಡುವ ಅಭ್ಯಾಸವನ್ನು ಏಕಾಂತದಲ್ಲಿಯಾದರೂ ಬಿಡಬೇಕು. ಮನೆಯಲ್ಲಿ ಆಡುವ ಕನ್ನಡದಲ್ಲಿ, ಅದು ಧಾರವಾಡದ್ದಾಗಲಿ, ಕೊಳ್ಳೇಗಾಲದ್ದಾಗಲಿ, ತಡವರಿಸಿಕೊಂಡೇ ಮಾತನಾಡಿ. ಮನೆಮಾತು ಕೊಂಕಣಿಯೋ ತುಳುವೋ ತಮಿಳೋ ಆಗಿದ್ದರೆ ಅದರಲ್ಲೇ ಆಡಿ.

ದೇವರೊಡನೆ ಸಲಿಗೆಯಿಂದ ಮಾತನಾಡುವುದು, ಅಗತ್ಯ ಬಿದ್ದರೆ ಜಗಳವನ್ನೇ ಆಡುವುದು ಕನ್ನಡದ ನೆಲಕ್ಕೆ ಹೊಸದಲ್ಲ; ಶರಣರೂ ದಾಸರೂ ತಮ್ಮ ದೈವದೊಡನೆ ಹಾಗೆಯೇ ಮಾತನಾಡಿದರು. ಬಾಸೆಲ್ ಮಿಷನ್ ಸಭೆಯಲ್ಲಿ ಪಾದ್ರಿಯಾಗಿದ್ದ ಚನ್ನಪ್ಪ ಉತ್ತಂಗಿಯವರು (1881–1962) ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ್ದಲ್ಲದೆ, ಶರಣರ ವಚನಗಳ ಅಧ್ಯಯನಕ್ಕೂ ತಮ್ಮ ಬಾಳಿನ ದೊಡ್ಡ ಪಾಲನ್ನು ಕೊಟ್ಟರು. ಕ್ರಿಸ್ತನಲ್ಲಿ ನೆಲೆನಿಂತೂ ಕನ್ನಡದ ಭಕ್ತಿಗೆ ಕಿವಿಗೊಡಬಹುದೆಂಬುದಕ್ಕೆ ಅವರ ಬದುಕೇ ಸಾಕ್ಷಿ. ಆದರೂ ನಮ್ಮ ಸಭೆಗಳ ಪ್ರಾರ್ಥನೆಯ ಭಾಷೆ ಇಂದಿಗೂ ಬಹುಮಟ್ಟಿಗೆ ಬಿಗಿಯಾಗಿಯೇ ಉಳಿದಿರುವುದು ಸೋಜಿಗ.

ನಿಜ ಹೇಳಲು ಕಲಿಸುವ ಗುರು ಸತ್ಯವೇದದಲ್ಲೇ ಇದೆ. ಕೀರ್ತನೆಗಳ ಗ್ರಂಥದ 150 ಕೀರ್ತನೆಗಳಲ್ಲಿ ಸ್ತುತಿಯಷ್ಟೇ ಇದೆಯೆಂದು ಭಾವಿಸುವವರು ಅದನ್ನು ಪೂರ್ತಿ ಓದಿರುವುದಿಲ್ಲ; ಅವುಗಳಲ್ಲಿ ದೊಡ್ಡ ಪಾಲು ಗೋಳು, ದೂರು, ಬೇಡಿಕೆಗಳು. 23ನೆಯ ಕೀರ್ತನೆಯ "ಯೆಹೋವನು ನನಗೆ ಕುರುಬನು" ಎಂಬ ಮಾತು ಎಲ್ಲರಿಗೂ ಬಾಯಿಪಾಠ. ಅದರ ಹಿಂದಿನ ಪುಟದಲ್ಲೇ ಇರುವ 22ನೆಯ ಕೀರ್ತನೆಯು, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ ಎಂಬ ಕೂಗಿನಿಂದ ಆರಂಭವಾಗುತ್ತದೆ. ಯೇಸುಸ್ವಾಮಿ ಶಿಲುಬೆಯ ಮೇಲೆ ಕೂಗಿದ್ದು ಆ ಸಾಲನ್ನೇ. ದೇವರ ಮಗನೇ ಆಡಿದ ಮಾತನ್ನು ನಾವು ಆಡಿದರೆ ಅಪನಂಬಿಕೆಯಾದೀತೆಂದು ಅಂಜುವುದೇಕೆ?

ಅಭ್ಯಾಸಕ್ಕೆ 13ನೆಯ ಕೀರ್ತನೆಯನ್ನು ತೆಗೆದುಕೊಳ್ಳಿ. ಆರೇ ವಚನಗಳ ಚಿಕ್ಕ ಪ್ರಾರ್ಥನೆ ಅದು. ಮೊದಲ ಎರಡು ವಚನಗಳಲ್ಲಿ ಭಕ್ತನು, ಇನ್ನೆಷ್ಟು ಕಾಲ ಎಂದು ನಾಲ್ಕು ಸಲ ಕೇಳುತ್ತಾನೆ: ಇನ್ನೆಷ್ಟು ಕಾಲ ನನ್ನನ್ನು ಮರೆತಿರುವಿ, ಇನ್ನೆಷ್ಟು ಕಾಲ ಮುಖ ಮರೆಮಾಡಿಕೊಂಡಿರುವಿ, ಇನ್ನೆಷ್ಟು ಕಾಲ ನಾನು ಮನಸ್ಸಿನಲ್ಲೇ ಚಿಂತಿಸುತ್ತಿರಬೇಕು, ಇನ್ನೆಷ್ಟು ಕಾಲ ಶತ್ರು ನನ್ನ ಮೇಲೆ ಮೆರೆಯಬೇಕು. ಮುಂದಿನ ಎರಡು ವಚನಗಳಲ್ಲಿ ತನಗೆ ಬೇಕಾದುದನ್ನು ನೇರವಾಗಿ ಕೇಳುತ್ತಾನೆ. ಕೊನೆಯ ಎರಡರಲ್ಲಿ ದೇವರ ಕೃಪೆಯಲ್ಲಿ ಭರವಸೆಯಿಟ್ಟಿದ್ದೇನೆ ಎನ್ನುತ್ತಾನೆ. ಆದರೆ ನಡುವೆ ಅವನ ಪರಿಸ್ಥಿತಿ ಬದಲಾಯಿತೆಂದು ಎಲ್ಲಿಯೂ ಹೇಳಿಲ್ಲ. ನೀವು ಮಾಡಬೇಕಾದದ್ದು ಇಷ್ಟೆ: ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮದೇ ನಾಲ್ಕು "ಇನ್ನೆಷ್ಟು ಕಾಲ"ಗಳನ್ನು ಬರೆಯಿರಿ. ಅಪ್ಪನ ಡಯಾಲಿಸಿಸ್, ಕೂಡಿಬಾರದ ಮದುವೆ, ಬಿಡಲಾಗದ ಕುಡಿತ, ಹೊಗಳಿಕೆಯನ್ನೆಲ್ಲ ತಾನೇ ದೋಚಿಕೊಳ್ಳುವ ಸಹೋದ್ಯೋಗಿ, ಯಾವುದಿದ್ದರೂ ಹೆಸರಿಟ್ಟು ಬರೆಯಿರಿ. ಅನಂತರ ಒಂದೇ ಒಂದು ಬೇಡಿಕೆ. ಭರವಸೆಯ ಮಾತು ಅಂದು ಬಾಯಿಗೆ ಬಾರದಿದ್ದರೆ ಆ ಕೀರ್ತನೆಯನ್ನು ರಚಿಸಿದನೆನ್ನಲಾಗುವ ದಾವೀದನ ಮಾತನ್ನೇ ಓದಿ ಮುಗಿಸಿ. ಎರವಲು ಪಡೆದ ಭರವಸೆಯೂ ಭರವಸೆಯೇ.

ಸುವಾರ್ತೆಯನ್ನು ಓದುವ ಬಗೆ

ಮಾತನಾಡುವುದು ಅರ್ಧ ಭಾಗವಾದರೆ ಕೇಳಿಸಿಕೊಳ್ಳುವುದು ಉಳಿದರ್ಧ. ದೇವರ ಮಾತನ್ನು ಕೇಳಿಸಿಕೊಳ್ಳುವ ಮೊದಲ ಸ್ಥಳ ಸತ್ಯವೇದವೇ ಎಂಬುದರಲ್ಲಿ ಎಲ್ಲ ಸಭೆಗಳೂ ಒಮ್ಮತದಲ್ಲಿವೆ. ಅದನ್ನು ಆದಿಕಾಂಡದಿಂದ ಆರಂಭಿಸಿ ವರ್ಷದಲ್ಲಿ ಮುಗಿಸುವ ಪಣ ತೊಟ್ಟವರಲ್ಲಿ ಅನೇಕರು ಯಾಜಕಕಾಂಡದ ಹೊತ್ತಿಗೆ ನಿಂತುಹೋಗುತ್ತಾರೆ. ಮಾರ್ಕನ ಸುವಾರ್ತೆಯಿಂದ ತೊಡಗಿ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯಗಳು. ವೇಗವಾಗಿ ಸಾಗುವ ಕಥನ. ಬೈಬಲ್ ಸೊಸೈಟಿಯ ಹಳೆಯ ಕನ್ನಡ ಅನುವಾದದ ಗಾಂಭೀರ್ಯ ನನಗೆ ಪ್ರಿಯ, ಆದರೆ ಅದರ ವಾಕ್ಯರಚನೆ ತೊಡಕೆನಿಸಿದರೆ ಇಂದಿನ ಬಳಕೆಯ ಕನ್ನಡಕ್ಕೆ ಹತ್ತಿರವಾದ ಹೊಸ ಅನುವಾದವೊಂದನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಹನ್ನೆರಡನೆಯ ಶತಮಾನದಲ್ಲಿ ಗೀಗೋ ಎಂಬ ಕಾರ್ತೂಸಿಯನ್ ಸನ್ಯಾಸಿಯು ಈ ಓದನ್ನು ನಾಲ್ಕು ಮೆಟ್ಟಿಲುಗಳಾಗಿ ವಿವರಿಸಿದ: ಓದುವುದು, ಮನನ ಮಾಡುವುದು, ಪ್ರಾರ್ಥಿಸುವುದು, ಮೌನವಾಗಿ ದೇವರಲ್ಲಿ ನಿಲ್ಲುವುದು. ಕಥೋಲಿಕ ಮಠಗಳಲ್ಲಿ ಬೆಳೆದ ಈ ಕ್ರಮವನ್ನು ಈಗ ಪ್ರಾಟೆಸ್ಟೆಂಟರೂ ಬಳಸುತ್ತಾರೆ. ಇದು ಹೇಗೆ ನಡೆಯುತ್ತದೆಂಬುದನ್ನು ಮಾರ್ಕನ 10ನೆಯ ಅಧ್ಯಾಯದ 46ರಿಂದ 52ನೆಯ ವಚನಗಳನ್ನಿಟ್ಟುಕೊಂಡು ನೋಡೋಣ. ಯೆರಿಕೋ ಪಟ್ಟಣದ ಹೊರಗೆ ದಾರಿಯ ಬದಿಯಲ್ಲಿ ಕುಳಿತಿದ್ದ ಬಾರ್ತಿಮಾಯನೆಂಬ ಕುರುಡ ಭಿಕ್ಷುಕನ ಪ್ರಸಂಗವದು.

ಮೊದಲ ಸಲ ಮೆಲುದನಿಯಲ್ಲಿ, ಆದರೆ ಬಾಯಿಬಿಟ್ಟು ಓದಿ. ಎರಡನೆಯ ಸಲ ನಿಧಾನವಾಗಿ ಓದುತ್ತ, ಯಾವ ವಿವರದ ಬಳಿ ಮನಸ್ಸು ನಿಲ್ಲುತ್ತದೆಯೋ ಅಲ್ಲಿ ನೀವೂ ನಿಲ್ಲಿ. ಕೂಗಬೇಡವೆಂದು ಜನ ಗದರಿಸಿದಾಗ ಅವನು ಇನ್ನೂ ಹೆಚ್ಚಾಗಿ ಕೂಗಿದ್ದು ಒಬ್ಬರನ್ನು ತಡೆದು ನಿಲ್ಲಿಸಬಹುದು. ಅವನು ತನ್ನ ಹೊದಿಕೆಯನ್ನು ಎಸೆದು ಎದ್ದದ್ದು ಇನ್ನೊಬ್ಬರನ್ನು. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಯೇಸುಸ್ವಾಮಿ ಅವನನ್ನು ಕೇಳಿದ ಪ್ರಶ್ನೆ: ನಾನು ನಿನಗೆ ಏನು ಮಾಡಬೇಕೆಂದು ಕೋರುತ್ತೀ? ಕುರುಡನಿಗೆ ಏನು ಬೇಕೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಅವನ ಬಾಯಿಂದಲೇ ಬರಲೆಂದು ಅವರು ಕಾದರು. ಸ್ವಲ್ಪ ಹಿಂದಕ್ಕೆ ಹೋಗಿ 36ನೆಯ ವಚನವನ್ನು ನೋಡಿದರೆ ಇದೇ ಪ್ರಶ್ನೆಯನ್ನು ಅವರು ಜೆಬೆದಾಯನ ಮಕ್ಕಳಾದ ಯಾಕೋಬ ಯೋಹಾನರಿಗೂ ಕೇಳಿದ್ದು ಕಾಣುತ್ತದೆ. ಬಹುಕಾಲದಿಂದ ಜೊತೆಯಲ್ಲಿದ್ದ ಆ ಶಿಷ್ಯರು ಎಡಬಲದ ಪೀಠಗಳನ್ನು ಕೇಳಿದರು. ದಾರಿಬದಿಯ ಭಿಕ್ಷುಕ ಕಣ್ಣನ್ನು ಕೇಳಿದ. ಒಂದೇ ಅಧ್ಯಾಯದೊಳಗೆ ಮಾರ್ಕನು ಇವೆರಡನ್ನೂ ಎದುರುಬದುರಾಗಿ ನಿಲ್ಲಿಸಿರುವುದು ಸುಮ್ಮನೆ ಅಲ್ಲವೆಂದು ನನ್ನ ಎಣಿಕೆ.

ಈಗ ಪುಸ್ತಕವನ್ನು ಮುಚ್ಚಿ. ಅದೇ ಪ್ರಶ್ನೆಯನ್ನು ನಿಮ್ಮ ಹೆಸರು ಹಿಡಿದು ಕೇಳಲಾಗಿದೆಯೆಂದು ಭಾವಿಸಿ ಉತ್ತರ ಕೊಡಿ. ತಟ್ಟನೆ ಬರುವ ಉತ್ತರ ಸಾಮಾನ್ಯವಾಗಿ ಮೇಲುಮೇಲಿನದು. ಅದನ್ನು ಹೇಳಿಯಾದ ಮೇಲೂ ಕುಳಿತಿದ್ದರೆ ಅದರ ಕೆಳಗಿನದು ಮೇಲಕ್ಕೆ ಬರುತ್ತದೆ. ಸಂಬಳ ಹೆಚ್ಚಲಿ ಎಂದು ಆರಂಭಿಸಿದವರು, ತಂದೆಯ ಮುಂದೆ ಒಮ್ಮೆಯಾದರೂ ತಲೆಯೆತ್ತಿ ನಿಲ್ಲಬೇಕೆಂಬ ಬಯಕೆಯನ್ನು ಅದರಡಿಯಲ್ಲಿ ಕಂಡುಕೊಳ್ಳಬಹುದು. ಪ್ರಾರ್ಥನೆ ತೊಡಗುವುದು ಆ ಎರಡನೆಯ ಉತ್ತರದಿಂದ. ಕೊನೆಯ ಎರಡು ಮೂರು ನಿಮಿಷ ಏನನ್ನೂ ಹೇಳದೆ ಇರಿ. ಧ್ವನಿಯೊಂದು ಕೇಳಿಸಬೇಕೆಂದು ನಿರೀಕ್ಷಿಸಬೇಡಿ. ಮನಸ್ಸು ಅಲೆದರೆ ಆ ಪ್ರಶ್ನೆಯ ಬಳಿಗೆ ಅದನ್ನು ಮರಳಿ ತಂದರಾಯಿತು.

ಇದಕ್ಕೆ ವಿರುದ್ಧವಾದ ಓದೊಂದು ನಮ್ಮಲ್ಲಿ ಬೇರೂರಿದೆ. ಹೊಸ ವರ್ಷದ ಆರಾಧನೆಯಲ್ಲಿ ವಾಗ್ದಾನದ ಕಾರ್ಡನ್ನು ಎತ್ತುವುದು, ಪ್ರತಿ ಬೆಳಿಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ಬಣ್ಣದ ಚಿತ್ರದ ಮೇಲಿನ ಒಂಟಿ ವಚನವನ್ನು ತನಗೇ ಬಂದ ಸಂದೇಶವೆಂದು ಸ್ವೀಕರಿಸುವುದು ಇತ್ಯಾದಿ. ಇದರಲ್ಲಿ ಭಕ್ತಿ ಇಲ್ಲವೆಂದು ನಾನು ಹೇಳುವುದಿಲ್ಲ, ಆದರೆ ವಚನವನ್ನು ಅದರ ಸಂದರ್ಭದಿಂದ ಕಿತ್ತರೆ ಹೇಳುವವರ ಮಾತನ್ನು ನಡುವೆ ತುಂಡರಿಸಿದಂತಾಗುತ್ತದೆ. ಯೆರೆಮೀಯನ 29ನೆಯ ಅಧ್ಯಾಯದ 11ನೆಯ ವಚನ, ನಿಮ್ಮ ವಿಷಯದಲ್ಲಿ ನನಗಿರುವುದು ಹಿತದ ಆಲೋಚನೆಗಳೇ, ಅಹಿತದವಲ್ಲ ಎಂಬ ಮಾತು, ಇಂಥ ಕಾರ್ಡುಗಳಲ್ಲಿ ಬಹಳವಾಗಿ ಕಾಣಿಸುತ್ತದೆ. ಅದರ ಹಿಂದಿನ ವಚನವನ್ನೂ ಓದಬೇಕು: ಬಾಬಿಲೋನಿಗೆ ಸೆರೆಹೋದವರಿಗೆ ಯೆರೆಮೀಯನು ಬರೆದ ಪತ್ರವದು; ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನು ಹಿಂದಕ್ಕೆ ಕರೆತರುತ್ತೇನೆಂದು ಅಲ್ಲಿ ಹೇಳಿದೆ. ಅಷ್ಟರವರೆಗೆ ಅಲ್ಲಿಯೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿರಿ, ನಿಮ್ಮನ್ನು ಸೆರೆಯೊಯ್ದ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದೂ ಇದೆ. ಆ ಪತ್ರವನ್ನು ಕೇಳಿದ ದೊಡ್ಡವರಲ್ಲಿ ಬಹುಪಾಲು ಮಂದಿ ಊರಿಗೆ ಮರಳುವ ದಿನವನ್ನು ಕಾಣಲು ಬದುಕಿರುವಂತಿರಲಿಲ್ಲ. ಹೀಗೆ ಪೂರ್ತಿಯಾಗಿ ಓದಿದಾಗ ಆ ವಾಗ್ದಾನ ಚಿಕ್ಕದಾಗುವುದಿಲ್ಲ. ಈ ವರ್ಷವೇ ವೀಸಾ ಸಿಗದವರಿಗೂ ಅದು ಸಲ್ಲುತ್ತದೆ.

ಕಲಿತ ಪ್ರಾರ್ಥನೆಗಳು

ಸ್ವಂತ ಮಾತಿನ ಪ್ರಾರ್ಥನೆಯೇ ನಿಜವಾದದ್ದು, ಬಾಯಿಪಾಠದ್ದು ಒಣ ಆಚಾರವೆಂಬ ಅಭಿಪ್ರಾಯ ಕೆಲವು ಸಭೆಗಳಲ್ಲಿದೆ. ನಾನು ಅದನ್ನು ಒಪ್ಪುವುದಿಲ್ಲ. ದಣಿದ ದಿನ, ಸಾವಿನ ಮನೆಯಲ್ಲಿ, ಆಪರೇಷನ್ ಥಿಯೇಟರಿನ ಹೊರಗೆ ಸ್ವಂತ ಮಾತು ಹುಟ್ಟುವುದಿಲ್ಲ. ಆಗ ಕರ್ತನು ಕಲಿಸಿದ ಪ್ರಾರ್ಥನೆಯೋ ಜಪಸರವೋ ನಮ್ಮನ್ನು ಹೊತ್ತು ನಡೆಯುತ್ತದೆ.

ಆದರೆ ಅದನ್ನು ಬಳಸುವ ಬಗೆಯುಂಟು. 1535ರಲ್ಲಿ ಮಾರ್ಟಿನ್ ಲೂಥರನು, ಪ್ರಾರ್ಥಿಸುವುದು ಹೇಗೆಂದು ಕೇಳಿದ ತನ್ನ ಕ್ಷೌರಿಕ ಪೀಟರನಿಗೆ ಉತ್ತರವಾಗಿ ಒಂದು ಚಿಕ್ಕ ಹೊತ್ತಗೆಯನ್ನೇ ಬರೆದ. ಒಳ್ಳೆಯ ಕ್ಷೌರಿಕನ ಕಣ್ಣು ಮನಸ್ಸು ಎರಡೂ ಕತ್ತಿಯ ಮೇಲೆಯೇ ಇರಬೇಕು. ಹರಟುತ್ತ ಕೂತರೆ ಗಿರಾಕಿಯ ಮೂಗನ್ನೋ ಬಾಯನ್ನೋ ಕೊಯ್ದಾನು. ಪ್ರಾರ್ಥನೆಯೂ ಹಾಗೆಯೇ ಎಂಬುದು ಅವನು ಆ ಕಸುಬಿನವನಿಗೆ ಹೇಳಿದ ಮಾತು. ಅವನ ಕ್ರಮ ಸರಳ. ಕರ್ತನ ಪ್ರಾರ್ಥನೆಯ ಒಂದೊಂದು ಬಿನ್ನಹವನ್ನು ಹೇಳಿ ನಿಂತು, ಅದನ್ನು ಸ್ವಂತ ಮಾತಿನಲ್ಲಿ ವಿಸ್ತರಿಸುವುದು. "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು" ಎಂದ ಮೇಲೆ ರೇಷನ್ ಕಾರ್ಡು, ಮಳೆ ಬಾರದ ಹೊಲ, ಪಕ್ಕದ ಮನೆಯಲ್ಲಿ ಕೆಲಸ ಕಳೆದುಕೊಂಡವರು ಎಲ್ಲರೂ ಬರಬಹುದು. ಒಂದು ಬಿನ್ನಹದಲ್ಲೇ ಮನಸ್ಸು ತುಂಬಿ ಬಂದರೆ ಉಳಿದವನ್ನು ಬಿಟ್ಟು, ಸುಮ್ಮನಿದ್ದು ಪವಿತ್ರಾತ್ಮನಿಗೆ ಕಿವಿಗೊಡಬೇಕೆಂದೂ ಲೂಥರ್ ಹೇಳುತ್ತಾನೆ. ಆ ಪ್ರಾರ್ಥನೆಯಲ್ಲಿ ನಮ್ಮ, ನಮಗೆ, ನಮ್ಮನ್ನು ಎಂಬುದಷ್ಟೇ ಇದೆ, ನನ್ನ ಎಂಬುದು ಎಲ್ಲಿಯೂ ಇಲ್ಲ ಎನ್ನುವುದನ್ನೂ ಗಮನಿಸಿ. ಬಾಗಿಲು ಮುಚ್ಚಿದ ಕೋಣೆಯಲ್ಲೂ ಇತರರನ್ನು ಒಳಗೆ ಕರೆದೇ ಅದನ್ನು ಹೇಳಬೇಕಾಗುತ್ತದೆ.

ಕೆಲಸದ ನಡುವೆ

ಹದಿನೇಳನೆಯ ಶತಮಾನದ ಪ್ಯಾರಿಸ್ಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಬ್ರದರ್ ಲಾರೆನ್ಸ್ ಎಂಬವರು, ಪಾತ್ರೆಗಳ ಸದ್ದಿನ ನಡುವೆಯೂ ಪ್ರಾರ್ಥನೆಯ ಹೊತ್ತಿನಲ್ಲಿರುವಷ್ಟೇ ನೆಮ್ಮದಿಯಿಂದ ದೇವರ ಸನ್ನಿಧಿಯಲ್ಲಿರಲು ಕಲಿತರು. ಅವರು ವಿದ್ವಾಂಸರಾಗಿರಲಿಲ್ಲ, ಮೊದಲು ಸೈನಿಕರಾಗಿದ್ದು ಕಾಲಿಗೆ ಪೆಟ್ಟು ತಿಂದವರು. ಅವರಿಂದ ಕಲಿಯಬಹುದಾದದ್ದು, ಕೆಲಸದ ನಡುನಡುವೆ ದೇವರ ಕಡೆ ಒಂದು ಚಿಕ್ಕ ಮಾತನ್ನಾಡುವ ಅಭ್ಯಾಸ. ದಿನದಲ್ಲಿ ತಾನಾಗಿ ಬರುವ ಯಾವುದಾದರೂ ಕೆಲಸಕ್ಕೆ ಇದನ್ನು ಗಂಟುಹಾಕಿ: ಒಲೆ ಹೊತ್ತಿಸುವಾಗ, ಬಸ್ಸು ಹತ್ತುವಾಗ, ಲ್ಯಾಪ್‌ಟಾಪ್ ತೆರೆಯುವಾಗ, "ಕರ್ತನೇ, ಇಲ್ಲಿದ್ದೇನೆ" ಎಂಬಷ್ಟು. ಮರೆತಾಗ ತಮ್ಮನ್ನು ತಾವು ಬೈದುಕೊಳ್ಳದೆ ಮತ್ತೆ ತೊಡಗುತ್ತಿದ್ದರೆಂಬುದೂ ಅವರ ಕುರಿತು ತಿಳಿದುಬರುವ ಸಂಗತಿ.

ರಾತ್ರಿಯ ಲೆಕ್ಕ

ಮಲಗುವ ಮೊದಲು ಐದು ನಿಮಿಷ ದಿನವನ್ನು ಹಿಂದಿರುಗಿ ನೋಡಿ. ಹೀಗೆ ದಿನವನ್ನು ಪರಿಶೀಲಿಸುವ ಕ್ರಮವನ್ನು ಇಗ್ನೇಷಿಯಸ್ ಲೊಯೋಲರು (1491–1556) ಯೇಸುಸಭೆಯವರಿಗೆ, ಅಂದರೆ ಜೆಸುವಿಟರಿಗೆ, ಕಲಿಸಿದರು. ಮೊದಲು ಕೃತಜ್ಞತೆ, ಆಮೇಲೆ ಬೆಳಕಿಗಾಗಿ ಬೇಡಿಕೆ, ಆಮೇಲೆ ದಿನದ ಪರಿಶೀಲನೆ, ಕ್ಷಮೆಯಾಚನೆ, ನಾಳೆಗಾಗಿ ಸಂಕಲ್ಪ. ಕೃತಜ್ಞತೆ ಮೊದಲು ಬರುವುದು ಅರ್ಥಪೂರ್ಣ. ತಪ್ಪಿನ ಪಟ್ಟಿಯಿಂದ ಆರಂಭಿಸಿದವರು ಬಹುಬೇಗ ನಿರಾಶೆಗೋ ಸಮರ್ಥನೆಗೋ ಜಾರುತ್ತಾರೆ. ಕೃತಜ್ಞತೆಗೂ ತಪ್ಪಿಗೂ ಹೆಸರು ಬೇಕು. "ಎಲ್ಲಕ್ಕೂ ಸ್ತೋತ್ರ" ಎನ್ನುವ ಬದಲು, ಮಧ್ಯಾಹ್ನ ತನ್ನ ಡಬ್ಬಿಯಿಂದ ಪಲ್ಯ ಕೊಟ್ಟ ಸಹೋದ್ಯೋಗಿಗಾಗಿ ಎನ್ನಿ. "ನನ್ನ ಪಾಪಗಳನ್ನು ಕ್ಷಮಿಸು" ಎನ್ನುವ ಬದಲು, ಸಂಜೆ ಮಗನ ಮಾತನ್ನು ಪೂರ್ತಿ ಕೇಳದೆ ಹೊಡೆದೆ ಎನ್ನಿ.

ಹೆಸರಿಟ್ಟು ಹೇಳಿದ ತಪ್ಪು ಮರುದಿನಕ್ಕೆ ಒಂದು ಕೆಲಸವನ್ನು ಹಚ್ಚುತ್ತದೆ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ನಿನ್ನ ಸಹೋದರನ ಸಂಗಡ ಒಂದಾಗು ಎಂದು ಬೆಟ್ಟದ ಮೇಲಿನ ಪ್ರಸಂಗ ಹೇಳುತ್ತದೆ. ಯೇಸುಸ್ವಾಮಿ ತನ್ನ ಮನೆಗೆ ಬಂದಾಗ ಸುಂಕವಸೂಲಿಯ ಜಕ್ಕಾಯನು, ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆಂದು ನಿಂತು ಹೇಳಿದ. ತಮ್ಮನ ಪಾಲಿನ ಜಮೀನನ್ನು ತನ್ನ ಹೆಸರಿಗೆ ಖಾತೆ ಮಾಡಿಸಿಕೊಂಡು ದಿನವೂ ಕಣ್ಣೀರಿಟ್ಟು ಪ್ರಾರ್ಥಿಸುವವರಿಗೆ ಹೊಸ ಪ್ರಾರ್ಥನಾಕ್ರಮ ಬೇಕಾಗಿಲ್ಲ. ಅವರು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಕಥೋಲಿಕರಿಗೆ ಪಾಪನಿವೇದನೆಯ ಸಂಸ್ಕಾರ ಇಲ್ಲಿ ದೊಡ್ಡ ಆಸರೆ. ಇತರ ಸಭೆಗಳವರೂ ನಂಬಿಕೆಗೆ ಅರ್ಹರಾದ ಹಿರಿಯರೊಬ್ಬರ ಬಳಿ ಮನಸ್ಸು ಬಿಚ್ಚುವುದರಲ್ಲಿ ಹಿಂಜರಿಯಬೇಕಾಗಿಲ್ಲ.

ಕೇಳಿದ್ದು ಸಿಗದಾಗ, ಮತ್ತು "ದೇವರು ಹೇಳಿದರು" ಎನ್ನುವಾಗ

ಒಡನಾಟ ಗಟ್ಟಿಯಾದರೆ ಕೇಳಿದ್ದೆಲ್ಲ ಸಿಗುತ್ತದೆಂದು ಬೋಧಿಸುವವರು ಟಿವಿಯಲ್ಲೂ ಯೂಟ್ಯೂಬಿನಲ್ಲೂ ಸಾಕಷ್ಟಿದ್ದಾರೆ. ಇಂತಿಷ್ಟು ಹಣವನ್ನು ಬೀಜವಾಗಿ ಬಿತ್ತಿದರೆ ನೂರರಷ್ಟು ಬರುತ್ತದೆಂಬ ಮಾತನ್ನು ಕೇಳಿದ ಕೂಡಲೇ ಚಾನಲ್ ಬದಲಾಯಿಸುವುದು ಕ್ಷೇಮ. ಪೌಲನು ತನ್ನ ಶರೀರದಲ್ಲಿ ನಾಟಿದ ಶೂಲವನ್ನು ತೆಗೆಯಬೇಕೆಂದು ಮೂರು ಸಲ ಬೇಡಿಕೊಂಡ. ಅದು ತೆಗೆಯಲ್ಪಡಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಗೆತ್ಸೆಮನೆಯಲ್ಲಿ ಯೇಸುಸ್ವಾಮಿಯೂ ಸಂಕಟದ ಆ ಪಾತ್ರೆ ತಮ್ಮಿಂದ ತೊಲಗಲಿ ಎಂದೇ ಕೇಳಿದರು. ಬೇಡುವುದನ್ನು ನಿಲ್ಲಿಸಬೇಡಿ, ಆದರೆ ಸಿಗದಿದ್ದಕ್ಕೆ ನಿಮ್ಮ ವಿಶ್ವಾಸದ ಕೊರತೆಯೇ ಕಾರಣವೆಂದು ಹೇಳುವವರನ್ನು ನಂಬಬೇಡಿ.

ಇನ್ನೊಂದು ಎಚ್ಚರಿಕೆ. ಮನಸ್ಸಿಗೆ ಹೊಳೆದದ್ದನ್ನೆಲ್ಲ ದೇವರ ಧ್ವನಿಯೆಂದು ತಿಳಿದು, ಕೆಲಸ ಬಿಡುವುದು, ಮದುವೆ ಗೊತ್ತುಮಾಡುವುದು, ಮಾತ್ರೆ ನಿಲ್ಲಿಸುವುದು ಅಪಾಯಕರ. ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನೇ ಹಿಡಿದುಕೊಳ್ಳಿ ಎಂದು ಪೌಲನು ಥೆಸಲೋನಿಕದವರಿಗೆ ಬರೆದಿದ್ದಾನೆ. ಹೊಳೆದದ್ದು ಸುವಾರ್ತೆಯ ಯೇಸುವಿನ ಸ್ವಭಾವಕ್ಕೆ ಒಪ್ಪುತ್ತದೆಯೇ, ನಿಮ್ಮನ್ನು ಬಲ್ಲ ಇಬ್ಬರು ಪ್ರಬುದ್ಧ ವಿಶ್ವಾಸಿಗಳು ಏನನ್ನುತ್ತಾರೆ, ಕೆಲವು ವಾರ ಕಳೆದ ಮೇಲೂ ಅದು ಹಾಗೆಯೇ ನಿಲ್ಲುತ್ತದೆಯೇ ಎಂದು ನೋಡಿ. ದೇವರಿಂದ ಬಂದದ್ದಾದರೆ ಕಾಯುವುದರಿಂದ ಅದು ಕೆಡುವುದಿಲ್ಲ.

ಬತ್ತಿದ ಕಾಲ

ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ, ಪ್ರಾರ್ಥನೆ ಗೋಡೆಗೆ ಆಡಿದ ಮಾತಾಗಿ ತೋರುವ ಕಾಲ ಬಂದೇ ಬರುತ್ತದೆ. 88ನೆಯ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಭರವಸೆಯ ಕೊನೆಯ ಸಾಲೊಂದನ್ನು ಅದಕ್ಕೆ ಹೊಲಿಯುವ ಗೋಜಿಗೆ ಯಾರೂ ಹೋಗಲಿಲ್ಲ. ಮದರ್ ತೆರೇಸಾರ ಖಾಸಗಿ ಪತ್ರಗಳು 2007ರಲ್ಲಿ ಪ್ರಕಟವಾದಾಗ, ಕೋಲ್ಕತ್ತದಲ್ಲಿ ಬಡವರ ಸೇವೆಯಲ್ಲಿದ್ದ ದಶಕಗಳುದ್ದಕ್ಕೂ ಅವರು ಇಂಥದ್ದೇ ಕತ್ತಲೆಯನ್ನು ಅನುಭವಿಸಿದ್ದರೆಂಬುದು ಜಗತ್ತಿಗೆ ತಿಳಿಯಿತು. ಅವರು ಮುಂಜಾನೆಯ ಪ್ರಾರ್ಥನೆಯನ್ನೂ ಬಿಡಲಿಲ್ಲ, ಸೇವೆಯನ್ನೂ ಬಿಡಲಿಲ್ಲ. ಇಂಥ ಸಮಯದಲ್ಲಿ ಅವಧಿಯನ್ನು ಬೇಕಾದರೆ ಕಡಿಮೆ ಮಾಡಿ, ಹೊತ್ತನ್ನು ಬದಲಾಯಿಸಬೇಡಿ.

ಎಲ್ಲ ಬತ್ತುವಿಕೆಯೂ ಆತ್ಮಿಕವಾದದ್ದಲ್ಲ. 1 ಅರಸುಗಳ ಗ್ರಂಥದ 19ನೆಯ ಅಧ್ಯಾಯದಲ್ಲಿ, ರಾಣಿ ಈಜೆಬೆಲಳಿಗೆ ಹೆದರಿ ಓಡಿದ ಪ್ರವಾದಿ ಎಲೀಯನು ಅಡವಿಯ ಗಿಡವೊಂದರ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣವನ್ನು ತೆಗೆದುಬಿಡು ಎಂದು ಬೇಡಿದ. ದೇವರು ಅವನಿಗೆ ಉಪದೇಶ ಮಾಡಲಿಲ್ಲ. ಅವನು ನಿದ್ದೆ ಮಾಡಿದ, ದೂತನು ತಟ್ಟಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಕೊಟ್ಟ, ಮತ್ತೆ ಮಲಗಿದ, ಮತ್ತೆ ಊಟ. ಮಂದವಾದ ಧ್ವನಿ ಕೇಳಿಸಿದ್ದು ಇದೆಲ್ಲ ಆಗಿ ನಲವತ್ತು ದಿನಗಳ ದಾರಿ ನಡೆದ ಮೇಲೆ. ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಸಾಯುವ ಯೋಚನೆ ಮರಳಿ ಮರಳಿ ಬರುವುದು ಕಂಡರೆ ಉಪವಾಸ ಪ್ರಾರ್ಥನೆ ಹೂಡಬೇಡಿ, ವೈದ್ಯರನ್ನು ಕಾಣಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ರೊಟ್ಟಿ ತಂದವನನ್ನು ದೇವದೂತನೆಂದು ಸತ್ಯವೇದ ಕರೆಯುವಾಗ, ಔಷಧ ಕೊಡುವವರ ಬಳಿಗೆ ಹೋಗುವುದನ್ನು ಅವಿಶ್ವಾಸವೆಂದು ಯಾರೂ ಕರೆಯುವಂತಿಲ್ಲ.

ಸಭೆ ಮತ್ತು ನೆರೆಯವರು

ಅದೇ ಅಧ್ಯಾಯದಲ್ಲಿ ಎಲೀಯನು, ನಾನೊಬ್ಬನೇ ಉಳಿದಿದ್ದೇನೆ ಎಂದು ದೂರಿದಾಗ, ಇಸ್ರಾಯೇಲಿನಲ್ಲಿ ಇನ್ನೂ ಏಳು ಸಾವಿರ ಜನರಿದ್ದಾರೆಂದು ದೇವರು ತಿಳಿಸಿದರು. ಜೊತೆಗಾರನಾಗಿ ಎಲೀಷನನ್ನೂ ಕೊಟ್ಟರು. ದೇವರೊಂದಿಗೆ ನೇರ ಸಂಬಂಧವಿರುವಾಗ ಸಭೆ ಯಾಕೆ ಬೇಕು ಎಂಬ ಪ್ರಶ್ನೆಯನ್ನು, ವಿಶೇಷವಾಗಿ ಸಭೆಯ ಚುನಾವಣೆ, ಆಸ್ತಿಯ ವ್ಯಾಜ್ಯ, ಜಾತಿಯ ಗುಂಪುಗಾರಿಕೆಗಳಿಂದ ಬೇಸತ್ತವರು, ಕೇಳುವುದುಂಟು. ಅವರ ಬೇಸರಕ್ಕೆ ಕಾರಣವಿದೆ, ಅದನ್ನು ನಾನು ಅಲ್ಲಗಳೆಯಲಾರೆ. ಆದರೂ ಕರ್ತನ ಭೋಜನದ ರೊಟ್ಟಿಯನ್ನು ಯಾರೂ ಒಬ್ಬರೇ ಮುರಿದುಕೊಳ್ಳಲಾಗದು. ಕಣ್ಣಿಗೆ ಕಾಣುವ ಸಹೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರನೆಂದು ಯೋಹಾನನ ಮೊದಲ ಪತ್ರ ಹೇಳುವಾಗ, ಆ ಸಹೋದರನು ಸಹ್ಯನಾಗಿರಬೇಕೆಂಬ ಷರತ್ತನ್ನು ಹಾಕಿಲ್ಲ.

ದೊಡ್ಡ ಸಭೆಯಲ್ಲಿ ಕಳೆದುಹೋಗುತ್ತೀರಿ ಎನಿಸಿದರೆ ಮೂರು ನಾಲ್ಕು ಜನರ ಚಿಕ್ಕ ಕೂಟವೊಂದನ್ನು ಕಟ್ಟಿಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ, ಒಂದು ಸುವಾರ್ತಾಭಾಗವನ್ನು ಮೇಲೆ ಹೇಳಿದ ರೀತಿಯಲ್ಲಿ ಓದಿ, ಒಬ್ಬೊಬ್ಬರೂ ತಮ್ಮ ಮನಸ್ಸು ನಿಂತ ಕಡೆಯನ್ನು ಹೇಳಿ. ಯಾರೂ ಪ್ರಸಂಗ ಮಾಡಕೂಡದು, ಕೇಳದೆ ಯಾರೂ ಬುದ್ಧಿವಾದ ಹೇಳಕೂಡದು, ಅಲ್ಲಿ ಆಡಿದ ಮಾತು ಹೊರಗೆ, ಪಾಸ್ಟರ್ ಕಿವಿಗೂ, ಹೋಗಕೂಡದು ಎಂಬ ನಿಯಮಗಳನ್ನು ಮೊದಲ ದಿನವೇ ಗೊತ್ತುಮಾಡಿಕೊಳ್ಳಬೇಕು. ಕೂಟದಲ್ಲಿ ನಿಮ್ಮ ವರಮಾನದವರು, ನಿಮ್ಮ ಜಾತಿಯ ಮೂಲದವರು ಮಾತ್ರ ಸೇರಿದ್ದಾರೆಂದು ಕಂಡುಬಂದರೆ ಇನ್ನೊಬ್ಬರನ್ನು ಕರೆಯಲು ಜಾಗ ಮಾಡಿ. ವಾರಕ್ಕೊಮ್ಮೆ ಹಾಸಿಗೆ ಹಿಡಿದ ಸಭಿಕರೊಬ್ಬರನ್ನೋ, ಯಾವ ಧರ್ಮದವರೇ ಆಗಲಿ ಒಂಟಿಯಾಗಿರುವ ನೆರೆಯವರೊಬ್ಬರನ್ನೋ ಹೋಗಿ ಕಾಣಿರಿ. ಅಲ್ಲಿ ಪ್ರಾರ್ಥನೆ ಮಾಡಲೇಬೇಕೆಂದಿಲ್ಲ, ಅವರು ಬಯಸಿದರೆ ಮಾಡಿ, ಇಲ್ಲವಾದರೆ ಅವರ ಮಾತನ್ನು ಕೇಳಿ, ನೀರು ತುಂಬಿಸಿಟ್ಟು ಬನ್ನಿ.

ನಡುವೆ ವಾರಗಟ್ಟಲೆ ಈ ಅಭ್ಯಾಸಗಳೆಲ್ಲ ತಪ್ಪಿಹೋದರೆ, ಬಿಟ್ಟುಹೋದ ಅಧ್ಯಾಯಗಳನ್ನು ಒಟ್ಟಿಗೆ ಓದಿ ಸರಿದೂಗಿಸಲು ಹೊರಡಬೇಡಿ. ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕುಳಿತು, ಇಷ್ಟು ದಿನ ಯಾಕೆ ಬರಲಿಲ್ಲವೆಂಬುದನ್ನು ಇದ್ದದ್ದು ಇದ್ದಂತೆ ಹೇಳಿ, ಮಾರ್ಕನ ಸುವಾರ್ತೆಯನ್ನು ನಿಲ್ಲಿಸಿದ ವಚನದಿಂದ ಮುಂದುವರಿಸಿ.